ಶೀರ್ಷಿಕೆ ಚಿಕ್ಕದಾದರೆ ಅರ್ಥ ಕೆಡುತ್ತದೆ, ಅರ್ಥ ಉಳಿಸಿದರೆ ಉದ್ದವಾಗುತ್ತದೆ. ಏನು ಮಾಡಲಿ?

ಪತ್ರಿಕೋದ್ಯಮ ಓದುತ್ತಿರುವ ನೀವು ಕೇಳಿರುವ ಈ ಪ್ರಶ್ನೆಯ ಜೊತೆ ನಾನು ಹಲವು ವರ್ಷ ರಾತ್ರಿ ಪಾಳಿ ಕಳೆದಿದ್ದೇನೆ. ಒಂದು ಕನ್ನಡ ದಿನಪತ್ರಿಕೆಯ ಡೆಸ್ಕ್‌ನಲ್ಲಿ ಸುದ್ದಿ ತಿದ್ದಿ ಶೀರ್ಷಿಕೆ ಕೊಡುವ ಉಪಸಂಪಾದಕನಾಗಿದ್ದೆ. ಮೊದಲು ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ.

ಠಾಣೆಗೆ ಕರೆದೊಯ್ದ ತರುಣನೊಬ್ಬನಿಗೆ ಪೊಲೀಸರು ಹೊಡೆದರು, ಅವನು ಆಸ್ಪತ್ರೆ ಸೇರಿದ ಎಂದು ಮನೆಯವರು ದೂರಿದ್ದರು. ಸಿಂಗಲ್ ಕಾಲಂ ಸುದ್ದಿ, ಶೀರ್ಷಿಕೆಗೆ ಜಾಗ ಕಡಿಮೆ. ನಾನು ಕೊಟ್ಟ ಶೀರ್ಷಿಕೆ: ‘ಪೊಲೀಸ್ ಹೊಡೆದ ಯುವಕ ಆಸ್ಪತ್ರೆಗೆ’. ಮರುದಿನ ಅವನ ತಂದೆ ಪತ್ರಿಕೆಯನ್ನು ಮಡಚಿ ಹಿಡಿದುಕೊಂಡು ಕಚೇರಿಗೆ ಬಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ‘ನನ್ನ ಮಗ ಯಾವ ಪೊಲೀಸನ್ನು ಹೊಡೆದ ಸ್ವಾಮಿ?’ ಎಂದಷ್ಟೇ ಕೇಳಿದರು. ಊರಿನವರೆಲ್ಲ ಹಾಗೆಯೇ ಓದಿಕೊಂಡಿದ್ದರು. ಅವರು ಓದಿದ್ದು ತಪ್ಪಲ್ಲ, ನಾನು ಬರೆದದ್ದೇ ತಪ್ಪು.

ಕನ್ನಡದಲ್ಲಿ ‘ಹೊಡೆದ’, ‘ಕೊಂದ’, ‘ಬಿಟ್ಟ’ ಎಂಬ ಕೃದಂತಗಳು, ಅಂದರೆ ಕ್ರಿಯಾಪದದಿಂದ ಹುಟ್ಟಿದ ರೂಪಗಳು, ಹೊಡೆದವನಿಗೂ ಹೊಂದುತ್ತವೆ, ಹೊಡೆಸಿಕೊಂಡವನಿಗೂ ಹೊಂದುತ್ತವೆ. ಯಾರು ಯಾರು ಎಂಬುದನ್ನು ಹೇಳುವುದು ವಿಭಕ್ತಿ ಪ್ರತ್ಯಯ ಮಾತ್ರ. ‘ಪೊಲೀಸರನ್ನು ಹೊಡೆದ’, ‘ಪೊಲೀಸರು ಹೊಡೆದ’ ಇವೆರಡರಲ್ಲೂ ಜಾಗ ಉಳಿಸಲು ಬಾಲ ಕತ್ತರಿಸಿದರೆ ಉಳಿಯುವುದು ಒಂದೇ ರೂಪ. ‘ಆನೆ ಕೊಂದ ಕಾರ್ಮಿಕ’ ಎಂದರೆ ಸತ್ತದ್ದು ಯಾರು? ‘ಶಾಸಕರ ಟೀಕೆ’ ಎಂದರೆ ಶಾಸಕರು ಟೀಕಿಸಿದರೋ, ಶಾಸಕರನ್ನು ಟೀಕಿಸಿದರೋ? ‘ಕಾಡಾನೆ ದಾಳಿ: ಕಾರ್ಮಿಕ ಸಾವು’ ಎಂದು ಬರೆದರೆ ಉದ್ದ ಸ್ವಲ್ಪವೇ ಹೆಚ್ಚುತ್ತದೆ, ಗೊಂದಲ ಪೂರ್ತಿ ಹೋಗುತ್ತದೆ. ನನ್ನ ಆ ಶೀರ್ಷಿಕೆ ‘ಪೊಲೀಸರು ಹೊಡೆದರು: ಆಸ್ಪತ್ರೆ ಸೇರಿದ ಯುವಕನ ಮನೆಯವರ ಆರೋಪ’ ಎಂದಾಗಬೇಕಿತ್ತು. ಎರಡು ಸಾಲಾಗುತ್ತಿತ್ತು, ಆಗಲಿ. ‘ಆರೋಪ’ ಎಂಬ ಪದವೂ ಅಲ್ಲಿ ಇರಲೇಬೇಕಿತ್ತು, ಏಕೆಂದರೆ ನಮ್ಮ ಕೈಯಲ್ಲಿದ್ದದ್ದು ಮನೆಯವರ ದೂರು ಮಾತ್ರ. ಆರೋಪವನ್ನು ಶೀರ್ಷಿಕೆಗೆ ತಂದರೆ ಆ ಆರೋಪ ಮಾಡಿದವರು ಯಾರೆಂದು ಹೇಳಬೇಕು, ಇಲ್ಲವೇ ಕನಿಷ್ಠ ಉದ್ಧರಣ ಚಿಹ್ನೆಯೊಳಗಾದರೂ ಇಡಬೇಕು ಎಂದು ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆ ನಿಯಮಾವಳಿಯೂ ಹೇಳುತ್ತದೆ.

ಹಾಗಾದರೆ ಜಾಗಕ್ಕೇನು ಮಾಡುವುದು? ಪ್ರತ್ಯಯವನ್ನು ಉಳಿಸಿಕೊಂಡು ವಿಶೇಷಣವನ್ನು ಕತ್ತರಿಸಿ. ‘ಭೀಕರ’, ‘ದಾರುಣ’, ‘ಮಹತ್ವದ’, ‘ಬೃಹತ್’ ಇವು ಹೋದರೆ ಸುದ್ದಿಗೆ ಏನೂ ಆಗುವುದಿಲ್ಲ. ಕನ್ನಡ ಅಕ್ಷರಕ್ಕೆ ಅಗಲದ ಜೊತೆ ಆಳವೂ ಇದೆ. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ದಂಥ ಪದಗಳ ಒತ್ತು ಕೆಳಗಿನ ಸಾಲಿನ ‘ಇ’ಕಾರದ ಗುಡಿಸಿಗೆ ತಗಲುತ್ತದೆ, ಪುಟ ವಿನ್ಯಾಸದವರು ಪದ ಬದಲಿಸಿ ಎನ್ನುತ್ತಾರೆ. ಇಂಥ ಇಕ್ಕಟ್ಟಿನಲ್ಲೇ ‘ಗರಂ’, ‘ಕಿಡಿ’, ‘ಬಲಿ’, ‘ಚಾಟಿ’ಯಂಥ ಪುಟ್ಟ ಪದಗಳು ನುಗ್ಗುವುದು. ಎಲ್ಲಿ ಬೇಕಾದರೂ ಕೂರುತ್ತವೆ, ಕೂತಲ್ಲೆಲ್ಲ ಸಂಗತಿಯನ್ನು ಬಿಸಿ ಮಾಡುತ್ತವೆ. ಸಭೆಯಲ್ಲಿ ಒಂದು ಆಕ್ಷೇಪ ಎತ್ತಿದ ಸಚಿವರು ಶೀರ್ಷಿಕೆಯಲ್ಲಿ ‘ಗರಂ’ ಆಗುತ್ತಾರೆ. ‘ಆಕ್ಷೇಪ’ವೂ ಚಿಕ್ಕ ಪದವೇ ಅಲ್ಲವೇ? ಪರೀಕ್ಷಾ ವರದಿ ಬರುವ ಮೊದಲೇ ‘ಡೆಂಗಿಗೆ ಬಾಲಕಿ ಬಲಿ’ ಎಂದು ಬರೆಯುವುದು ನನಗೆ ಈಗಲೂ ಸಹಿಸಲಾಗದ ಅಭ್ಯಾಸ. ‘ಜ್ವರದಿಂದ ಬಾಲಕಿ ಸಾವು: ಡೆಂಗಿ ಶಂಕೆ’ ಎಂದರೆ ನಿಮಗೆ ತಿಳಿದಿರುವಷ್ಟನ್ನೇ ಹೇಳಿದಂತಾಗುತ್ತದೆ.

ನ್ಯಾಯಾಲಯ ಮತ್ತು ಸರ್ಕಾರದ ಸುದ್ದಿಗಳಲ್ಲಿ ಯಾವ ಹಂತ ಎಂಬುದೇ ಸುದ್ದಿ. ಜಾಮೀನು ಖುಲಾಸೆಯಲ್ಲ. ತಡೆಯಾಜ್ಞೆ ರದ್ದತಿಯಲ್ಲ. ನ್ಯಾಯಮೂರ್ತಿಗಳು ವಿಚಾರಣೆಯ ನಡುವೆ ಮೌಖಿಕವಾಗಿ ಹೇಳಿದ್ದು ಆದೇಶವಲ್ಲ. ದೋಷಿ ಎಂದು ತೀರ್ಪು ಬರುವ ಮೊದಲು ‘ಆರೋಪಿ’, ಬಂದ ಮೇಲೆ ‘ಅಪರಾಧಿ’.

2024ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ‘ಸಿ’ ಮತ್ತು ‘ಡಿ’ ದರ್ಜೆ ಹುದ್ದೆಗಳಲ್ಲಿ ಶೇ 100 ಮೀಸಲು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಎಕ್ಸ್‌ನಲ್ಲಿ ಬರೆದರು, ಆಮೇಲೆ ಆ ಪೋಸ್ಟ್ ಅಳಿಸಲಾಯಿತು. ಮಸೂದೆಯಲ್ಲಿ ಇದ್ದದ್ದು ಆಡಳಿತ ವರ್ಗದ ಹುದ್ದೆಗಳಿಗೆ ಶೇ 50, ಉಳಿದವಕ್ಕೆ ಶೇ 70. ಜುಲೈ 17ಕ್ಕೆ ಸರ್ಕಾರ ಅದನ್ನು ತಡೆಹಿಡಿಯಿತು. ‘ಕನ್ನಡಿಗರಿಗೆ ಶೇ 100 ಉದ್ಯೋಗ ಮೀಸಲು’ ಎಂದು ಬರೆದವರು ಅಂಕಿಯಲ್ಲೂ ಎಡವಿದಂತೆ, ಹಂತದಲ್ಲೂ ಎಡವಿದಂತೆ. ‘ಸ್ಥಳೀಯರಿಗೆ ಉದ್ಯೋಗ ಮೀಸಲು: ಮಸೂದೆಗೆ ಸಂಪುಟ ಒಪ್ಪಿಗೆ’ ಎಂದು ಬರೆದಿದ್ದರೆ ಎರಡು ದಿನದ ನಂತರವೂ ಆ ಸಾಲು ಸುಳ್ಳಾಗುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಮೂಲ ಪ್ರತಿಯನ್ನು ಓದಿಯೇ ಶೀರ್ಷಿಕೆ ಕೊಡಿ, ಬರೀ ಪೋಸ್ಟ್ ನೋಡಿ ಕೊಡಬೇಡಿ.

ಆ ತಂದೆ ಬಂದುಹೋದ ಮೇಲೆ ನಾನೊಂದು ರೂಢಿ ಮಾಡಿಕೊಂಡೆ. ವರದಿಯನ್ನು ಓದಿರದ ಯಾರಿಗಾದರೂ ಶೀರ್ಷಿಕೆಯನ್ನಷ್ಟೇ ಗಟ್ಟಿಯಾಗಿ ಓದಿ ಹೇಳುವುದು, ‘ಏನಾಯಿತು, ಹೇಳಿ’ ಎಂದು ಕೇಳುವುದು. ಡೆಸ್ಕ್‌ನವರನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೆ ಸುದ್ದಿ ಮೊದಲೇ ಗೊತ್ತಿರುತ್ತದೆ. ಒಂದು ಬುಧವಾರ ರಾತ್ರಿ ‘ನಾಳೆ ನೀರು ಪೂರೈಕೆ ಇಲ್ಲ’ ಎಂಬ ಶೀರ್ಷಿಕೆಯನ್ನು ಚಹಾ ತಂದುಕೊಟ್ಟ ಹುಡುಗನಿಗೆ ಓದಿದೆ. ಅವನು ಕೇಳಿದ: ‘ಪೇಪರ್ ಮನೆಗೆ ಬರುವುದೇ ನಾಳೆ ಅಲ್ಲವೇ ಸಾರ್, ಹಾಗಾದರೆ ನೀರಿಲ್ಲದ ದಿನ ಯಾವುದು?’ ಪುಟ ಮುದ್ರಣಕ್ಕೆ ಹೋಗಲು ಕೆಲವೇ ನಿಮಿಷಗಳಿದ್ದವು. ‘ನಾಳೆ’ ತೆಗೆದು ‘ಗುರುವಾರ’ ಎಂದು ಹಾಕಿದೆವು.