ಥೇಮ್ಸ್ ದಂಡೆಗೆ ಹೊರಡುವ ಮೊದಲು ಸೇತುವೆ ಎಲ್ಲಿದೆ ನೋಡಿ

ರೆಡಿಂಗಿಗೆ ಬಂದು ಮೂರು ತಿಂಗಳು, ಕಾರಿಲ್ಲ, ಆರು ವರ್ಷದ ಮಗಳಿದ್ದಾಳೆ, ನೀರಿನ ಪಕ್ಕ ನಡೆಯೋಕೆ ಇಂಗ್ಲೆಂಡಿನ ಯಾವ ನದಿ ಚೆಂದ, ಉತ್ತರದ ಬೆಟ್ಟ-ಸರೋವರಗಳ ಸೀಮೆ ಲೇಕ್ ಡಿಸ್ಟ್ರಿಕ್ಟಿಗೇ ಹೋಗಬೇಕಾ ಅಂತ ಕೇಳಿದ್ದೀರಿ. ಇದೇ ಊರಿಗೆ, ಇದೇ ವಯಸ್ಸಿನ ಮಗನ ಜೊತೆ ಬಂದಾಗ ನಾನೂ ಇದನ್ನೇ ಕೇಳಿದ್ದೆ. ಯಾವ ನದಿ ಅನ್ನೋದು ಮುಖ್ಯವೇ ಅಲ್ಲ. ಆ ನದಿಗೆ ಸೇತುವೆ ಎಲ್ಲಿದೆ ಅಂತ ಕೇಳಬೇಕಿತ್ತು. ನಾನು ಕೇಳಲಿಲ್ಲ.

ನವೆಂಬರ್ ಕೊನೆಯ ಭಾನುವಾರ. ಗೋರಿಂಗ್ ಸ್ಟೇಷನ್ನಿನಲ್ಲಿ ಇಳಿದು, ಥೇಮ್ಸ್‌ನ ಪೂರ್ವ ದಂಡೆಯ ಕಡೆಯ ರಿಜ್‌ವೇ ದಾರಿಯಲ್ಲಿ ಉತ್ತರಕ್ಕೆ ಸೌತ್ ಸ್ಟೋಕ್ ಹಳ್ಳಿ. ಅಲ್ಲಿ ನದಿ ದಾಟಿ ಮೋಲ್ಸ್‌ಫರ್ಡ್, ಆಮೇಲೆ ಚೋಲ್ಸಿ ಸ್ಟೇಷನ್, ರೈಲು, ಮನೆ. ನಕ್ಷೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಸೌತ್ ಸ್ಟೋಕ್‌ನಿಂದ ಒಂದು ದಾರಿ ನೇರ ನೀರಿನ ಅಂಚಿಗೆ ಬರುತ್ತದೆ. ಆಚೆ ದಡದಲ್ಲಿ, ಅದರ ಎದುರಿಗೇ, ಮೋಲ್ಸ್‌ಫರ್ಡ್‌ನ ಓಣಿ ಶುರುವಾಗುತ್ತದೆ. ಅದರ ಹೆಸರು ಫೆರ್ರಿ ಲೇನ್. ನಡುವೆ ಬೆರಳಗಲದ ನೀಲಿ ಪಟ್ಟಿ. ಎರಡು ದಾರಿ ಹೀಗೆ ಮುಖಾಮುಖಿ ನಿಂತಿವೆ ಅಂದಮೇಲೆ ಸೇತುವೆಯೋ ದೋಣಿಯೋ ಇದ್ದೇ ಇರುತ್ತದೆ ಅಂದುಕೊಂಡೆ.

ಎರಡೂ ಇರಲಿಲ್ಲ. ಕೆಸರು, ಹಗ್ಗ ಹಾಕಿ ಕಟ್ಟಿದ ಯಾರದೋ ದೋಣಿ, ಕೂಗಳತೆಯಲ್ಲಿ ಆಚೆ ದಡದ ಹೋಟೆಲ್ಲಿನ ದೀಪ. ಗಂಟೆ ಮೂರೂವರೆ. ನವೆಂಬರ್ ಕೊನೆಗೆ ಇಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಸ್ವಲ್ಪ ಮೇಲಕ್ಕೆ ಹಳೇ ಕಾಲದ ರೈಲು ಎಂಜಿನಿಯರ್ ಬ್ರೂನೆಲ್ ಕಟ್ಟಿಸಿದ ಇಟ್ಟಿಗೆ ಕಮಾನಿನ ಸೇತುವೆ ಇದೆ, ಆದರೆ ಅದು ರೈಲಿಗೆ ಮಾತ್ರ. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಗೋರಿಂಗ್ ಕಡೆಗೇ ಮೂರು ಕಿಲೋಮೀಟರ್ ವಾಪಸ್ ಬರುವಾಗ, ದನ ತುಳಿದ ಗುಂಡಿಗೆ ಕಾಲಿಟ್ಟು ಪಾದ ಹೊರಳಿತು. ಮೂರು ವಾರ ಕಾಲಿಗೆ ಪಟ್ಟಿ.

ಈ ತಪ್ಪು ಯಾಕಾಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಕ್ಷೆ ಓದಲು ಬರುವವರೂ ಇದನ್ನೇ ಮಾಡುತ್ತಾರೆ. ಹಿಂದೆ ಥೇಮ್ಸ್‌ನ ಸರಕಿನ ದೋಣಿಗಳನ್ನು ದಡದ ಮೇಲೆ ನಡೆಯುವ ಕುದುರೆಗಳು ಹಗ್ಗದಿಂದ ಎಳೆಯುತ್ತಿದ್ದವು. ಆ ಕುದುರೆ ನಡೆದ ದಾರಿಗೆ ಟೋಪಾತ್ ಅನ್ನುತ್ತಾರೆ. ಒಂದು ದಡದ ಜಮೀನಿನವರು ದಾರಿ ಬಿಡದಿದ್ದರೆ ಟೋಪಾತ್ ಆಚೆ ದಡಕ್ಕೆ ಹೋಗುತ್ತಿತ್ತು, ಕುದುರೆಯನ್ನೂ ದೋಣಿಯಲ್ಲಿ ದಾಟಿಸುತ್ತಿದ್ದರು. ಮೋಲ್ಸ್‌ಫರ್ಡ್ ಅಂಥದ್ದೊಂದು ಕಡವು. ಸರಕು ರೈಲಿಗೆ ಹೋಯಿತು, ಕುದುರೆ ಹೋಯಿತು, ಅಂಬಿಗನೂ ಹೋದ. ಓಣಿಯೂ ಅದರ ಹೆಸರೂ ಉಳಿದವು. ಥೇಮ್ಸ್ ಪಾತ್ ಎಂಬ ರಾಷ್ಟ್ರೀಯ ನಡಿಗೆದಾರಿ 1996ರಲ್ಲಿ ತೆರೆದಾಗ ಈ ಕಡಿದುಹೋದ ತುಂಡುಗಳನ್ನು ಹೇಗೋ ಜೋಡಿಸಬೇಕಾಯಿತು. ಹರ್ಲಿ ಹತ್ತಿರದ ಟೆಂಪಲ್‌ನಲ್ಲಿ ಹಳೇ ಕಡವಿನ ಜಾಗಕ್ಕೆ 1989ರಲ್ಲೇ ಕಾಲುಸೇತುವೆ ಬಂದಿತ್ತು. ಮೋಲ್ಸ್‌ಫರ್ಡ್‌ಗೆ ಬರಲಿಲ್ಲ. ಅಲ್ಲಿ ಪಶ್ಚಿಮ ದಂಡೆಯಲ್ಲಿ ನಡೆದು ಬಂದವರು ನೀರು ಬಿಟ್ಟು ಊರೊಳಗಿನ ರಸ್ತೆಗೆ ಹತ್ತಬೇಕು. ಶೆಪರ್ಟನ್ ಮತ್ತು ವೇಬ್ರಿಜ್ ನಡುವೆ ಈಗಲೂ ದೋಣಿ ಓಡುತ್ತದೆ.

ಇನ್ನೊಂದು ವಿಷಯ. ನಮ್ಮ ಕಡೆ ಹೊಳೆ ಕಂಡರೆ ಇಳಿದು ದಂಡೆಗುಂಟ ನಡೆಯುತ್ತೇವೆ. ಇಲ್ಲಿ ಹಾಗಾಗುವುದಿಲ್ಲ. ದಂಡೆ ಬಹುತೇಕ ಯಾರದೋ ಸ್ವಂತ ಜಮೀನು, ಸಾರ್ವಜನಿಕ ಹಕ್ಕಿನ ದಾರಿ ಇದ್ದರೆ ಮಾತ್ರ ಕಾಲಿಡಬಹುದು. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್ ನಕ್ಷೆ ತಗೊಳ್ಳಿ. ಅದರಲ್ಲಿ ನಾಲ್ಕು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಹಸಿರು ಚಿಕ್ಕ ಗೆರೆಗಳು ನಡೆಯುವ ಹಕ್ಕಿನ ದಾರಿ, ಉದ್ದ ಹಸಿರು ಗೆರೆಗಳು ಕುದುರೆ, ಸೈಕಲ್ಲಿಗೂ ಸಲ್ಲುವ ದಾರಿ. ಕಪ್ಪು ಗೆರೆ ಇದ್ದರೆ ನೆಲದ ಮೇಲೆ ದಾರಿಯಿದೆ ಅಂತಷ್ಟೇ ಅರ್ಥ, ಹಕ್ಕಿದೆ ಅಂತಲ್ಲ. ಈಗ ಬೆರಳನ್ನು ಹಸಿರು ಗೆರೆಯ ಮೇಲಿಟ್ಟು ನೀರಿನವರೆಗೆ ಎಳೆಯಿರಿ. ಗೆರೆ ನೀಲಿಯನ್ನು ದಾಟಿ ಹೋಗಬೇಕು, ಪಕ್ಕದಲ್ಲಿ ರಸ್ತೆ ಸೇತುವೆಯೋ, ‘ಎಫ್‌ಬಿ’ ಎಂಬ ಎರಡಕ್ಷರವೋ ಇರಬೇಕು. ಎಫ್‌ಬಿ ಅಂದರೆ ಕಾಲುಸೇತುವೆ. ಗೆರೆ ದಡದಲ್ಲೇ ನಿಂತಿದ್ದರೆ ನೀವೂ ಅಲ್ಲೇ ನಿಲ್ಲುತ್ತೀರಿ.

ಲೇಕ್ ಡಿಸ್ಟ್ರಿಕ್ಟ್ ಸದ್ಯಕ್ಕೆ ಬೇಡ. ಕಾರಿಲ್ಲದೆ, ಚಿಕ್ಕ ಮಗುವಿನ ಜೊತೆ, ಇಡೀ ದಿನ ಪ್ರಯಾಣಕ್ಕೇ ಹೋಗುತ್ತದೆ. ಮೊದಲ ನಡಿಗೆಗೆ ನದಿಯೂ ಬೇಡ ಅಂತಲೇ ನನ್ನ ಅಭಿಪ್ರಾಯ. ಕಾಲುವೆಗೆ ಹೋಗಿ. ಕಾಲುವೆಯ ಟೋಪಾತ್ ನದಿಯದರ ಹಾಗೆ ಕೈಕೊಡುವುದಿಲ್ಲ, ದಾರಿ ಸಮತಟ್ಟು, ಸೇತುವೆಗಳೂ ಹತ್ತಿರ ಹತ್ತಿರ. ರೆಡಿಂಗಿನಿಂದ ರೈಲಿನಲ್ಲಿ ಹಂಗರ್‌ಫರ್ಡ್‌ಗೆ ಹೋಗಿ, ಹೈ ಸ್ಟ್ರೀಟಿನ ಸೇತುವೆಯ ಹತ್ತಿರ ಕೆನೆಟ್ ಅಂಡ್ ಏವನ್ ಕಾಲುವೆಗೆ ಇಳಿದು ಪೂರ್ವಕ್ಕೆ ನಡೆಯಿರಿ. ಡನ್ ಮಿಲ್, ವೈರ್, ಬ್ರನ್ಸ್‌ಡನ್ ಲಾಕ್‌ಗಳನ್ನು (ನೀರಿನ ಮಟ್ಟ ಬದಲಿಸಿ ದೋಣಿ ಏರಿಸಿ ಇಳಿಸುವ ಗೇಟಿನ ಕಟ್ಟೆಗಳು) ದಾಟಿದರೆ ಕಿಂಟ್‌ಬರಿ, ಒಟ್ಟು ಸುಮಾರು ಐದು ಕಿಲೋಮೀಟರ್. ಇದೇ ದಿಕ್ಕಿನಲ್ಲಿ ನಡೆಯಿರಿ ಅನ್ನಲು ಕಾರಣವಿದೆ: ಕಿಂಟ್‌ಬರಿ ಸ್ಟೇಷನ್ ಕಾಲುವೆಯ ಪಕ್ಕದಲ್ಲೇ ಇದೆ. ಮಗು ಸುಸ್ತಾದ ಹೊತ್ತಿಗೆ ಇನ್ನೊಂದು ಊರು ದಾಟಬೇಕಾಗಿಲ್ಲ. ರೈಲು ಪದೇಪದೇ ಬರುವುದಿಲ್ಲ, ಹಾಗಾಗಿ ಮೊದಲು ವಾಪಸ್ ರೈಲಿನ ಸಮಯ ನೋಡಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ. ಮಗು ಜೊತೆಗಿದ್ದರೆ ಗಂಟೆಗೆ ಎರಡು ಕಿಲೋಮೀಟರ್ ಅಂತಲೇ ಹಿಡಿಯಿರಿ. ಲಾಕ್ ಗೇಟು ತಿರುಗಿಸುವ ಉದ್ದನೆಯ ಮರದ ತೊಲೆ ತಿರುಗುವ ಜಾಗದೊಳಗೆ ಮಗಳನ್ನು ನಿಲ್ಲಿಸಬೇಡಿ, ಕೈ ಹಿಡಿದುಕೊಂಡೇ ಇರಿ. ಲಾಕಿನ ಗೋಡೆ ಕಡಿದಾಗಿದೆ, ಪಾಚಿ ಕಟ್ಟಿ ಜಾರುತ್ತದೆ.

ಎರಡನೇ ನಡಿಗೆಗೆ ಥೇಮ್ಸ್‌ಗೆ ಬನ್ನಿ: ಗೋರಿಂಗ್‌ನಿಂದ ಪ್ಯಾಂಗ್‌ಬೋರ್ನ್, ಸುಮಾರು ಆರೂವರೆ ಕಿಲೋಮೀಟರ್. ಗೋರಿಂಗ್ ಸೇತುವೆ ದಾಟಬಾರದು. ಅದರ ಮೊದಲೇ ದಂಡೆಗೆ ಇಳಿದು ಹರಿವಿನ ಜೊತೆ ದಕ್ಷಿಣಕ್ಕೆ ಹೋಗಿ. ರೈಲು ಸೇತುವೆಯ ಅಡಿಯಿಂದ ಹಾದಮೇಲೆ ದಾರಿ ಹಾರ್ಟ್ಸ್‌ಲಾಕ್ ಕಾಡಿನೊಳಗೆ ಏರಿಳಿಯುತ್ತದೆ, ತಳ್ಳುಗಾಡಿ ಆಗುವುದಿಲ್ಲ. ವಿಟ್‌ಚರ್ಚ್‌ನಲ್ಲಿ ಸುಂಕದ ಸೇತುವೆ ಇದೆ. ಸುಂಕ ವಾಹನಕ್ಕೆ, ನಡೆಯುವವರಿಗಲ್ಲ. ದಾಟಿದರೆ ಪ್ಯಾಂಗ್‌ಬೋರ್ನ್ ಸ್ಟೇಷನ್.

ಚಳಿಗಾಲದಲ್ಲಿ ಹೊರಡುವ ಹಿಂದಿನ ರಾತ್ರಿ ಸರ್ಕಾರದ ಪರಿಸರ ಸಂಸ್ಥೆ ಎನ್ವಿರಾನ್ಮೆಂಟ್ ಏಜೆನ್ಸಿಯ ವೆಬ್ ಪುಟದಲ್ಲಿ ನದಿ ಮಟ್ಟ ನೋಡಿ. ಥೇಮ್ಸ್‌ನಲ್ಲಿ ಮಳೆ ನಿಂತು ದಿನಗಳಾದ ಮೇಲೂ ನೀರು ಏರಬಹುದು. ಬಿಸಿಲು ಕಂಡು ಮೋಸಹೋಗಬೇಡಿ. ಲಾಕಿನಲ್ಲಿ ಕೆಂಪು ಬೋರ್ಡು ಹಾಕಿದ್ದರೆ ಸೆಳೆತ ಜೋರಾಗಿದೆ ಅಂತ. ಅದನ್ನು ಹಾಕುವುದು ದೋಣಿಯವರಿಗಾಗಿ, ಆದರೂ ಅವತ್ತು ತಗ್ಗಿನ ಹುಲ್ಲುಗಾವಲಿನ ದಾರಿ ಬಿಟ್ಟುಬಿಡಿ. ನೀರಿನಡಿ ದಾರಿ ಎಲ್ಲಿ ಮುಗಿದು ನದಿ ಎಲ್ಲಿ ಶುರು ಅಂತ ಕಾಣುವುದಿಲ್ಲ.

ಮಗಳಿಗೆ ನಡಿಗೆಗಿಂತ ಕೊಳವೇ ಹೆಚ್ಚು ಇಷ್ಟವಾಗಬಹುದು. ವಿನರ್ಶ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಡಿಂಟನ್ ಪಾಸ್ಚರ್ಸ್‌ನಲ್ಲಿ ಜಲ್ಲಿ ತೆಗೆದ ಗುಂಡಿಗಳು ಕೆರೆಗಳಾಗಿವೆ. ಅವುಗಳ ದಡ ಥಟ್ಟನೆ ಆಳಕ್ಕೆ ಇಳಿಯುತ್ತದೆ, ಅಲ್ಲಿ ಹಕ್ಕಿ ನೋಡಿ ಸಾಕು. ನೀರಿನ ಹುಳಗಳನ್ನು ಹಿಡಿದು ನೋಡಲು ಕೈಬಲೆ ಹಾಕುವುದಾದರೆ ಆಳವಿಲ್ಲದ, ಅನುಮತಿಯಿರುವ ಕೊಳವೇ ಬೇಕು. ಬಿಳಿ ತಟ್ಟೆಗೆ ಮೊದಲು ಎರಡು ಬೆರಳು ಎತ್ತರ ಕೊಳದ ನೀರನ್ನೇ ತುಂಬಿ. ಬಲೆಯನ್ನು ಕೆಸರಿಗೆ ತಾಗಿಸದೆ, ಜೊಂಡಿನ ಪಕ್ಕ ಎಂಟರ ಆಕಾರದಲ್ಲಿ ಆಡಿಸಿ, ತಟ್ಟೆಯೊಳಗೆ ಮಗುಚಿ. ಒಂದು ನಿಮಿಷ ಅಲುಗಾಡಿಸಬೇಡಿ. ಕಡ್ಡಿಯ ಚೂರು ಅಂದುಕೊಂಡದ್ದು ತಾನಾಗಿ ನಡೆಯತೊಡಗುತ್ತದೆ: ಕ್ಯಾಡಿಸ್ ಹುಳು, ಮರಳಿನ ಕಾಳು, ಎಲೆಚೂರು ಅಂಟಿಸಿಕೊಂಡು ಕಟ್ಟಿದ ಗೂಡಿನೊಳಗಿಂದ ಆರು ಕಾಲು ಹೊರಚಾಚಿ. ನೋಡಿಯಾದ ಮೇಲೆ ಎಲ್ಲವನ್ನೂ ಅದೇ ಕೊಳಕ್ಕೆ ಬಿಡಿ. ಕಪ್ಪೆ ಮೊಟ್ಟೆಯನ್ನು ಬೇರೆ ಕೊಳಕ್ಕೆ ಒಯ್ಯಬೇಡಿ, ಬಲೆಯನ್ನು ಪೂರ್ತಿ ಒಣಗಿಸದೆ ಇನ್ನೊಂದು ನೀರಿಗೆ ಅದ್ದಬೇಡಿ. ರೋಗವೂ ಹೊರಗಿನ ಗಿಡವೂ ಹಾಗೇ ಹರಡುತ್ತವೆ. ಬುತ್ತಿ ಬಿಚ್ಚುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ, ಗಾಯವಿದ್ದರೆ ಪಟ್ಟಿ ಹಾಕಿ. ನಮ್ಮೂರಲ್ಲಿ ಇಲಿಜ್ವರ ಅನ್ನುತ್ತೇವಲ್ಲ, ಅದು ಇಲ್ಲಿನ ನೀರಿನಲ್ಲೂ ಇದೆ.

ಕಿಂಟ್‌ಬರಿ ಕಡೆ ನಡೆಯುವಾಗ ‘ಚೀ’ ಅಂತ ಚೂಪಾದ ಸಿಳ್ಳು ಕೇಳಿದರೆ ಮರ ನೋಡಬೇಡಿ, ನೀರಿನ ಮೇಲೆ ಮೊಣಕಾಲೆತ್ತರಕ್ಕೆ ನೋಡಿ. ನೀಲಿ ಗೆರೆಯೊಂದು ನೇರ ಹಾದುಹೋಗುತ್ತದೆ. ಊರಿನ ಕೆರೆಯಲ್ಲಿ ಕಾಣುವ ಆ ಪುಟ್ಟ ಮಿಂಚುಳ್ಳಿಯೇ ಅದು, ಜಾತಿಯೂ ಅದೇ. ಮಗಳಿಗೆ ಆ ಹೆಸರನ್ನೇ ಹೇಳಿಕೊಡಿ.