ಕಾರ್ಡ್ ಬದಲಾಯಿಸಿದರೂ ಕ್ಯಾಮೆರಾ ಏಕೆ ನಿಲ್ಲುತ್ತದೆ?

ಪ್ರಶ್ನೆ: ನನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 10 ಚಿತ್ರ ತೆಗೆಯುತ್ತದೆ. ಹಾರುವ ಹಕ್ಕಿಯತ್ತ ಹಿಡಿದು ಶಟರ್ ಒತ್ತಿದರೆ ಎರಡೇ ಸೆಕೆಂಡಿಗೆ ಏದುಸಿರು ಬಿಡುತ್ತದೆ. ‘170 ಎಂಬಿ’ ಎಂದು ಬರೆದಿರುವ ಹೊಸ ಕಾರ್ಡ್ ಹಾಕಿದೆ. ಹಿಂದಿಗಿಂತ ಹೆಚ್ಚು ಸಿಕ್ಕಿದ್ದು ನಾಲ್ಕೈದು ಚಿತ್ರ ಮಾತ್ರ. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ: ಕ್ಯಾಮೆರಾ ಚೆನ್ನಾಗಿಯೇ ಇದೆ. ತೆಗೆದ ಚಿತ್ರಗಳು ಮೊದಲು ಬಫರ್ ಎಂಬ ಒಳಗಿನ ಮೆಮೊರಿಯಲ್ಲಿ ನಿಂತು, ನಂತರ ಕಾರ್ಡಿಗೆ ಇಳಿಯುತ್ತವೆ. ನೀವು ‘ರಾ’ದಲ್ಲಿ, ಅಂದರೆ ಸಂಸ್ಕರಿಸದ ಕಚ್ಚಾ ಫೈಲಿನಲ್ಲಿ, ತೆಗೆಯುತ್ತೀರಿ ಎಂದುಕೊಳ್ಳುತ್ತೇನೆ. ಒಂದು ಫೈಲಿಗೆ 25 ಎಂಬಿ ಹಿಡಿದರೂ ಸೆಕೆಂಡಿಗೆ 250 ಎಂಬಿ ಒಳಬರುತ್ತದೆ. ಬಫರ್ 420 ಎಂಬಿ ಇರಲಿ. ಹಳೆಯ ಕಾರ್ಡ್ ಸೆಕೆಂಡಿಗೆ 40 ಎಂಬಿ ಬರೆದರೆ ಉಳಿಯುವುದು 210. ಎರಡು ಸೆಕೆಂಡಿಗೆ ಬಫರ್ ಭರ್ತಿ, 20 ಚಿತ್ರ. ಹೊಸದು 80 ಬರೆದರೂ ಸಿಗುವುದು 25ರ ಆಸುಪಾಸು. ಲಾಭ ಬೇರೆಡೆ ಇದೆ: ತುಂಬಿದ ಬಫರ್ ಖಾಲಿಯಾಗಲು ಹತ್ತು ಸೆಕೆಂಡು ಕಾಯುತ್ತಿದ್ದವರು ಈಗ ಐದು ಸೆಕೆಂಡು ಕಾದರೆ ಸಾಕು. ಹಕ್ಕಿ ಚಿತ್ರಕಾರರಿಗೆ ಇದು ಸಣ್ಣ ಲಾಭವಲ್ಲ.

ಆ 170, ಬಹುತೇಕ ಓದುವ ವೇಗ. ಅದನ್ನೇ ದಪ್ಪಕ್ಷರದಲ್ಲಿ ಮುದ್ರಿಸುವುದು ಕಾರ್ಡ್ ಮಾರುವವರ ಜಾಣತನ. ನಿಮಗೆ ಬೇಕಾದ್ದು ಬರೆಯುವ ವೇಗ. ವಿ30, ವಿ60, ವಿ90 ಎಂಬ ಗುರುತು ನೋಡಿ. ಸತತವಾಗಿ ಬರೆಯುವಾಗ ಸೆಕೆಂಡಿಗೆ ಕನಿಷ್ಠ ಅಷ್ಟು ಎಂಬಿ ಎಂದರ್ಥ. ಕಾರ್ಡನ್ನು ತಿರುಗಿಸಿ ನೋಡಿ: ಲೋಹದ ಪಟ್ಟಿಗಳು ಒಂದೇ ಸಾಲಿನಲ್ಲಿದ್ದರೆ ಅದು ಯುಎಚ್ಎಸ್-1 ಎಂಬ ವೇಗದ ಮಾನದಂಡದ್ದು, ಅದರ ಪ್ರಮಾಣಿತ ಮಿತಿ ಸೆಕೆಂಡಿಗೆ 104 ಎಂಬಿ. ಎರಡು ಸಾಲಿದ್ದರೆ ಯುಎಚ್ಎಸ್-2, 312ರವರೆಗೆ. ಆದರೆ ಕ್ಯಾಮೆರಾದ ಸ್ಲಾಟ್ ಯುಎಚ್ಎಸ್-1 ಆಗಿದ್ದರೆ ದುಬಾರಿ ಕಾರ್ಡಿಗೆ ಸುರಿದ ಹಣ ದಂಡ.

ಜೆಪೆಗ್‌ಗೆ ಬದಲಾದರೆ ಫೈಲ್ 8–10 ಎಂಬಿಗೆ ಇಳಿದು ಬಫರ್ ಬಹಳ ಹೊತ್ತು ತಡೆಯುತ್ತದೆ. ‘ರಾ’ ಬಿಡಲು ಮನಸ್ಸಿಲ್ಲವೇ? ಸಂಕುಚಿತ ‘ರಾ’ ಆಯ್ಕೆ ಇದ್ದರೆ ಬಳಸಿ. ‘ರಾ’ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಉಳಿಸಬೇಡಿ. ಎರಡು ಕಾರ್ಡಿಗೆ ಏಕಕಾಲಕ್ಕೆ ಬರೆಸಿದರೆ ನಿಧಾನದ ಕಾರ್ಡೇ ಯಜಮಾನ.

ಗುಂಡಿಯನ್ನು ಒತ್ತಿಯೇ ಹಿಡಿಯುವ ಅಭ್ಯಾಸವನ್ನೂ ಬಿಡಿ. ಐದಾರು ಚಿತ್ರ ತೆಗೆದು ಬೆರಳು ಸಡಿಲಿಸಿ, ಮತ್ತೆ ಒತ್ತಿ. ಹಲವು ಕ್ಯಾಮೆರಾಗಳಲ್ಲಿ ಗುಂಡಿಯನ್ನು ಅರ್ಧ ಒತ್ತಿದಾಗ ವ್ಯೂಫೈಂಡರಿನ ಅಂಚಿನಲ್ಲಿ ಕಾಣುವ ಪುಟ್ಟ ಅಂಕಿ, ಇನ್ನೆಷ್ಟು ಚಿತ್ರಕ್ಕೆ ಜಾಗವಿದೆ ಎಂದು ಹೇಳುತ್ತದೆ. ಕಾರ್ಡಿನ ದೀಪ ಮಿನುಗುತ್ತಿರುವಾಗ ಮಾತ್ರ ಬ್ಯಾಟರಿ ತೆಗೆಯಬೇಡಿ. ಬಫರಿನಲ್ಲಿ ಉಳಿದದ್ದು ಕಾರ್ಡಿಗೆ ತಲುಪುವುದಿಲ್ಲ.