ಉಚಿತವಾಗಿ ಸಿನಿಮಾ ತೋರಿಸುವ ಆ್ಯಪ್‌ಗಳಿಗೆ ಹಣ ಎಲ್ಲಿಂದ ಬರುತ್ತದೆ?

ಜಾಹೀರಾತಿನಿಂದ. ನೀವು ಜಯನಗರದ ಮನೆಯಲ್ಲಿ ಕೂತು ಸಿನಿಮಾ ಒತ್ತಿದ ಕೂಡಲೇ ನಿಮ್ಮ ಊರು, ಭಾಷೆ, ಫೋನು ನೋಡಿ ಜಾಹೀರಾತಿನ ಜಾಗ ಕ್ಷಣದಲ್ಲೇ ಹರಾಜಾಗುತ್ತದೆ. ಅದೇ ಸಿನಿಮಾ ನೋಡುವ ಪಕ್ಕದ ಮನೆಯವರಿಗೆ ಬೇರೆಯದೇ ಜಾಹೀರಾತು ಬರುವುದು ಇದಕ್ಕೇ. ಬಂದ ಹಣದಲ್ಲಿ ಎಷ್ಟೋ ಸಲ ಸಿನಿಮಾದ ಹಕ್ಕು ಇರುವವರಿಗೂ ಪಾಲು ಹೋಗುತ್ತದೆ. ಇದು ಸಣ್ಣ ವ್ಯಾಪಾರವಲ್ಲ. ಹೀಗೇ ಉಚಿತವಾಗಿ ಸಿನಿಮಾ ತೋರಿಸುವ ಅಮೆರಿಕದ ಟೂಬಿ ಆ್ಯಪನ್ನು ಅಲ್ಲಿನ ಟಿವಿ ಕಂಪನಿ ಫಾಕ್ಸ್ 2020ರಲ್ಲಿ ಸುಮಾರು 44 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಹಳೆಯ ಸಿನಿಮಾಗಳೇ ಜಾಸ್ತಿ ಇರುತ್ತವೆ ಅಲ್ವಾ? ಅವುಗಳ ಹಕ್ಕು ಅಗ್ಗ. ಥಿಯೇಟರಿಗೆ ಮತ್ತೆಂದೂ ಬಾರದ ಕನ್ನಡ ಚಿತ್ರಗಳು ಯೂಟ್ಯೂಬಿನಲ್ಲಿ ಹೀಗೆ ಸಿಗುವುದು ನನಗಂತೂ ತುಂಬಾ ಖುಷಿ. ಆದರೆ ಒಪ್ಪಂದ ಮುಗಿದರೆ ಸಿನಿಮಾ ಮಾಯವಾಗಬಹುದು. ಇಷ್ಟವಾದದ್ದು ಕಂಡರೆ ಬೇಗ ನೋಡಿಬಿಡಿ.